ಯಾರ್ಡಲ್ಲಿ ಗಾಡಿ ಇದೆ, ಆದರೆ ನಿಮ್ಮ ಗಾಡಿ ಇಲ್ಲ

ಈ ವಾರದ ಮಾತು ಗಾಡಿ ಬುಕ್ ಮಾಡಿ ಕಾಯೋದರ ಬಗ್ಗೆ. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಬಾಯಿತಪ್ಪಿ ಹೇಳಿದ ಒಂದೆರಡು ಇಸವಿಗಳನ್ನೂ ಸರಿ ಮಾಡಿದ್ದೇನೆ.

ಮೊದಲು ನಮ್ಮ ಅಣ್ಣನ ಕತೆ. ಸ್ವಂತ ಅಣ್ಣ ಅಲ್ಲ, ದೊಡ್ಡಪ್ಪನ ಮಗ. ಕುಂದಾಪುರ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಬಾಂದ್ರಾ ಪೂರ್ವದ ಖೇರ್‌ವಾಡಿಯಲ್ಲಿದ್ದಾನೆ. ಬೆಳಗಿನ ಜಾವ ವಾಶಿಯ ಎಪಿಎಂಸಿಗೆ ಹೋಗಿ ತೆಂಗಿನಕಾಯಿ, ತರಕಾರಿ ತುಂಬಿಕೊಂಡು ಬಾಂದ್ರಾದಿಂದ ಅಂಧೇರಿವರೆಗಿನ ಉಡುಪಿ ಹೋಟೆಲುಗಳಿಗೆ ಹಾಕೋದು ಅವನ ಕೆಲಸ. 2021ರ ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಪಿಕಪ್ ಟ್ರಕ್ ಬುಕ್ ಮಾಡಿದ. ಸಿಎನ್‌ಜಿ, ಉದ್ದದ ಡೆಕ್, ಬಿಳಿ ಬಣ್ಣ. "ಮೂರು ತಿಂಗಳು" ಅಂದರು. ಯಾವ ಕಂಪನಿ, ಯಾವ ಡೀಲರ್ ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ.

ಮೂರು ಆರಾಯ್ತು, ಆರು ಎಂಟಾಯ್ತು. ಅಷ್ಟೂ ದಿನ ಅವನು ಬಾಡಿಗೆ ಟೆಂಪೊದಲ್ಲಿ ಓಡಾಡಿದ, ದಿನಕ್ಕೆ 1,200 ರೂಪಾಯಿ. ತಿಂಗಳಿಗೆ 26 ದಿನ ಹಿಡಿದರೆ 31,200. ಸ್ವಂತ ಗಾಡಿ ಬಂದಿದ್ದರೆ ಬ್ಯಾಂಕಿನ ಕಂತು 17,000 ಆಗ್ತಿತ್ತು. ಕಾಯೋದಕ್ಕೇ ತಿಂಗಳಿಗೆ 14,200 ರೂಪಾಯಿ ದಂಡ. ಆ ವರ್ಷ ಮಗಳ ಡಿಪ್ಲೊಮಾ ಫೀಸು ಕಟ್ಟೋಕೆ ಅತ್ತಿಗೆಯ ಬಳೆ ಅಡವಿಗೆ ಹೋಯ್ತು. ಅಣ್ಣನಿಗೆ ಹೆಚ್ಚು ಉರಿದದ್ದು ಮಾತ್ರ ಬೇರೆ ವಿಷಯಕ್ಕೆ. ವಿಚಾರಿಸೋಕೆ ಹೋದಾಗೆಲ್ಲ ಡೀಲರ್ ಯಾರ್ಡಿನಲ್ಲಿ ಅದೇ ಮಾಡೆಲ್ಲಿನ ಆರೇಳು ಗಾಡಿ ಧೂಳು ತಿನ್ನುತ್ತಾ ನಿಂತಿರ್ತಿದ್ದವು. "ಅದೆಂತ ಮಾರಾಯಾ, ಗಾಡಿ ಕಣ್ಣೆದುರಿಗೇ ಇತ್ತಲ್ಲ?" ಅಂತ ನನಗೆ ಫೋನ್ ಮಾಡಿ ಕೇಳಿದ. ಕಂಪ್ಯೂಟರ್ ಓದಿದವನು, ನಿನಗೆ ಗೊತ್ತಿರಬೇಕು ಅನ್ನೋ ಧಾಟಿಯಲ್ಲಿ.

ನಿಂತಿದ್ದವು ಡೀಸೆಲ್ ಗಾಡಿಗಳು. ಆದರೆ ಅಷ್ಟು ಹೇಳಿದರೆ ಉತ್ತರ ಪೂರ್ತಿ ಆಗಲ್ಲ. ಯಾಕೆ ಡೀಸೆಲ್ಲೇ ನಿಂತಿತ್ತು, ಸಿಎನ್‌ಜಿ ಯಾಕೆ ಬರಲಿಲ್ಲ? ಇದಕ್ಕೆ ಸುಮಾರು ನೂರು ವರ್ಷದ ಇತಿಹಾಸ ಇದೆ, ಅದರ ದೊಡ್ಡ ಭಾಗ ನಡೆದದ್ದು ಇದೇ ಮುಂಬೈಯಲ್ಲಿ.

1928ರಲ್ಲಿ ಜನರಲ್ ಮೋಟಾರ್ಸ್ ಮುಂಬೈಯ ಶಿವ್ಡಿಯಲ್ಲಿ ಜೋಡಣೆ ಕಾರ್ಖಾನೆ ಶುರು ಮಾಡಿತು. ಅಮೆರಿಕದಿಂದ ಬಿಡಿಭಾಗ ಬರೋದು, ಇಲ್ಲಿ ಕೂಡಿಸಿ ಷೆವರ್ಲೆ ಕಾರು, ಟ್ರಕ್ಕು ಮಾರೋದು. ಆ ಕಂಪನಿ ಅಷ್ಟರಲ್ಲಾಗಲೇ ತನ್ನ ದೇಶದಲ್ಲಿ ಒಂದು ಪಾಠ ಕಲಿತಿತ್ತು. 1920ರ ದಶಕದ ಆರಂಭದಲ್ಲಿ ಹಣದ ಮುಗ್ಗಟ್ಟು ಬಂದಾಗ ಹೆನ್ರಿ ಫೋರ್ಡ್ ಡೀಲರುಗಳು ಕೇಳದೇ ಇದ್ದರೂ ಗಾಡಿ ಕಳಿಸಿದ. ಗಾಡಿ ಮುಟ್ಟಿದ ಕೂಡಲೇ ದುಡ್ಡು ಕೊಡಬೇಕು. ಡೀಲರುಗಳು ಊರಿನ ಬ್ಯಾಂಕಲ್ಲಿ ಸಾಲ ಮಾಡಿ ಕೊಟ್ಟರು, ಫೋರ್ಡ್ ತನ್ನ ಸಾಲ ತೀರಿಸಿಕೊಂಡ. ಸಾಲ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಯ್ತು, ಅಷ್ಟೇ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ 1924ರಲ್ಲಿ ಊರೂರು ಸುತ್ತಿ, ಡೀಲರುಗಳ ಹತ್ತಿರ ಗಾಡಿ ಬೆಟ್ಟದ ಹಾಗೆ ಬಿದ್ದಿರೋದನ್ನ ಕಣ್ಣಾರೆ ಕಂಡು, ತಯಾರಿಕೆ ಕಡಿಮೆ ಮಾಡಿಸಿದ. ಆಮೇಲೆ ಹತ್ತು ದಿನಕ್ಕೊಮ್ಮೆ ಡೀಲರುಗಳಿಂದ ವರದಿ ತರಿಸೋ ಪದ್ಧತಿ ಬಂತು: ಎಷ್ಟು ಮಾರಿದಿರಿ, ಎಷ್ಟು ಉಳಿದಿದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಫೀಡ್‌ಬ್ಯಾಕ್ ಲೂಪ್ ಹಾಕಿದ. ಅದಕ್ಕೆ ಮುಂಚೆ ಕಾರ್ಖಾನೆ ಕಣ್ಣುಮುಚ್ಚಿ ಗಾಡಿ ತಳ್ಳುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ ಕತೆ ಉಲ್ಟಾ ಆಯ್ತು. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಬಂತು. ಬರೀ ಜೋಡಿಸೋರು ಬೇಡ, ಇಲ್ಲೇ ಭಾಗಗಳನ್ನ ತಯಾರಿಸೋರು ಮಾತ್ರ ಇರಲಿ ಅಂತ ಸರ್ಕಾರದ ನಿಲುವು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಮುಂಬೈಯಲ್ಲಿ ಉಳಿದ ದೊಡ್ಡ ಹೆಸರುಗಳಲ್ಲಿ ಒಂದು ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್. ನಮ್ಮ ಬಾಂದ್ರಾ ಪೂರ್ವದಿಂದ ಮಿಠಿ ನದಿ ದಾಟಿದರೆ ಕುರ್ಲಾ. ಅಲ್ಲೇ ಅವರ ಕಾರ್ಖಾನೆ. ಡಾಡ್ಜ್, ಫಾರ್ಗೊ ಟ್ರಕ್ಕುಗಳೂ ಬಂದದ್ದು ಅಲ್ಲಿಂದ, ಫಿಯೆಟ್ ಕಾರೂ ಅಲ್ಲಿಂದ. ಅದೇ ಫಿಯೆಟ್ಟಿಗೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು. ಕಪ್ಪು ಹಳದಿ ಟ್ಯಾಕ್ಸಿಯಾಗಿ ಅದು ಮುಂಬೈ ರಸ್ತೆಯಲ್ಲಿ 2023ರ ಅಕ್ಟೋಬರ್ ಕೊನೆವರೆಗೂ ಓಡಿತು. ಕಾರ್ಖಾನೆ ಈಗಿಲ್ಲ, ಪ್ರೀಮಿಯರ್ ರಸ್ತೆ ಅನ್ನೋ ಹೆಸರು ಮಾತ್ರ ಇದೆ. ನಾನು ಆಫೀಸಿನಿಂದ ಆ ಕಡೆ ಹೋದಾಗ ಆಟೊದವರಿಗೆ ಅದೇ ಹೆಸರು ಹೇಳ್ತೇನೆ.

ಆ ಕಾಲದಲ್ಲಿ ಎಷ್ಟು ಗಾಡಿ ತಯಾರಿಸಬೇಕು ಅನ್ನೋದನ್ನ ಗಿರಾಕಿ ತೀರ್ಮಾನ ಮಾಡ್ತಿರಲಿಲ್ಲ, ಲೈಸೆನ್ಸು ಮಾಡ್ತಿತ್ತು. 1951ರ ಕೈಗಾರಿಕಾ ಕಾಯಿದೆ ಪ್ರಕಾರ ಸಾಮರ್ಥ್ಯ ಹೆಚ್ಚಿಸೋಕೂ ದೆಹಲಿಯ ಅಪ್ಪಣೆ ಬೇಕು. ತಯಾರಿಕೆ ಕಟ್ಟಿಹಾಕಿದ ಮೇಲೆ ಹಂಚಿಕೆಯನ್ನೂ ಕಟ್ಟಿಹಾಕಬೇಕಾಯ್ತು. ಮೊದಲು 1959ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟದ ನಿಯಂತ್ರಣ ಆದೇಶ, ಮರುವರ್ಷ ಸ್ಕೂಟರಿಗೆ, 1963ರಲ್ಲಿ ಟ್ರಕ್, ಬಸ್ಸುಗಳಂಥ ವಾಣಿಜ್ಯ ವಾಹನಗಳಿಗೆ. 1969ರಲ್ಲಿ ಕಾರಿನ ಬೆಲೆಯನ್ನೂ ಸರ್ಕಾರವೇ ಕಾನೂನಿನಿಂದ ನಿಗದಿ ಮಾಡಿತು. ಪ್ರೀಮಿಯರಿನವರು ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು.

ಬೆಲೆ ಏರಬಾರದು, ತಯಾರಿಕೆಯೂ ಏರಬಾರದು, ಗಿರಾಕಿ ಮಾತ್ರ ಏರ್ತಾನೇ ಇದ್ದಾನೆ. ಆಗ ಏರೋಕೆ ಉಳಿಯೋದು ಒಂದೇ, ಕ್ಯೂ. ಎಂಟೆಕ್ ಮಾಡುವಾಗ ನಮಗೆ ಲಿಟಲ್ಸ್ ಲಾ ಅಂತ ಒಂದು ಸೂತ್ರ ಕಲಿಸಿದ್ದರು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ತುಂಬಾ ಸರಳ: ಕ್ಯೂನಲ್ಲಿ 12,000 ಜನ ಇದ್ದು ತಿಂಗಳಿಗೆ 1,000 ಗಾಡಿ ಹೊರಬಂದರೆ, ಕೊನೆಯವನು ಹನ್ನೆರಡು ತಿಂಗಳು ಕಾಯಬೇಕು. ನಾವು ಅದನ್ನ ಸರ್ವರಿಗೆ ಬರೋ ರಿಕ್ವೆಸ್ಟುಗಳಿಗೆ ಹಾಕಿ ಲೆಕ್ಕ ಮಾಡಿದ್ದು. ನಮ್ಮ ಅಪ್ಪಯ್ಯನಿಗೆ ಯಾವ ಸೂತ್ರವೂ ಬೇಕಿರಲಿಲ್ಲ. ಅವರು 1975ರಲ್ಲಿ ಸ್ಕೂಟರ್ ಬುಕ್ ಮಾಡಿದ್ದು. ಪೋಸ್ಟ್ ಆಫೀಸಿನಲ್ಲಿ ಠೇವಣಿ ಇಟ್ಟ ಪಾಸ್‌ಬುಕ್ಕು, ನಂಬರಿರೋ ಚೀಟಿ ಎರಡನ್ನೂ ಟ್ರಂಕಿನಲ್ಲಿ ಮದುವೆ ಪಂಚೆಯ ಕೆಳಗೆ ಇಟ್ಟಿದ್ದರಂತೆ. ಸ್ಕೂಟರ್ ಬಂದದ್ದು 1983ರಲ್ಲಿ. ಡೆಲಿವರಿ ದಿನ ಅಂಗಡಿ ಬಾಗಿಲಲ್ಲೇ ಒಬ್ಬ ಬಂದು, ಹಿಡಿದ ಬೆಲೆ ಮೇಲೆ ಇಷ್ಟು 'ಆನ್' ಕೊಡ್ತೇನೆ, ಕೀ ಕೊಡಿ ಅಂದನಂತೆ. 'ಆನ್' ಅಂದ್ರೆ ಮುಂಬೈ ಮಾತಲ್ಲಿ ಕಾಳಸಂತೆಯ ಹೆಚ್ಚುವರಿ. ಅಪ್ಪಯ್ಯ ಕೊಡಲಿಲ್ಲ. ಅಮ್ಮ ಈಗಲೂ ಹೇಳ್ತಾರೆ, ಕೊಟ್ಟಿದ್ದರೆ ಊರಿನ ಮನೆಗೆ ಹೆಂಚು ಹೊದೆಸಬಹುದಿತ್ತು ಅಂತ. ಅದು ನಿಜವೋ ತಮಾಷೆಯೋ ನನಗೆ ಇನ್ನೂ ಗೊತ್ತಾಗಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಆಗಲೂ ತಕ್ಷಣ ಗಾಡಿ ಸಿಗ್ತಿತ್ತು. ಸರ್ಕಾರಿ ಕೋಟಾ ಇದ್ದವರಿಗೆ ಸಿಗ್ತಿತ್ತು. ವಿದೇಶಿ ಹಣದಲ್ಲಿ ಕಟ್ಟಿದವರಿಗೆ ಸರದಿ ಬಿಟ್ಟು ಸಿಗ್ತಿತ್ತು. ನಮ್ಮ ಕರಾವಳಿಯಲ್ಲಿ ಗಲ್ಫಿನಲ್ಲಿದ್ದ ಭಾವನ ದುಡ್ಡಲ್ಲಿ ಸ್ಕೂಟರ್ ತಗೊಂಡ ಮನೆಗಳು ಎಷ್ಟೋ. 'ಆನ್' ಕೊಟ್ಟವರಿಗಂತೂ ಸಿಕ್ಕೇ ಸಿಗ್ತಿತ್ತು. ಕ್ಯೂ ಇದ್ದದ್ದು ಉಳಿದವರಿಗೆ. ಈ 'ಆನ್' ಆಸೆಗೇ ಬೇಡದವರೂ ಬುಕ್ ಮಾಡ್ತಿದ್ದರು, ಹೆಂಡತಿ ಹೆಸರಲ್ಲಿ, ಮೈದುನನ ಹೆಸರಲ್ಲಿ. ಹಾಗಾಗಿ ಕ್ಯೂ ಎಷ್ಟು ಉದ್ದ ಕಾಣ್ತಿತ್ತೋ ನಿಜವಾದ ಬೇಡಿಕೆ ಅಷ್ಟಿರಲಿಲ್ಲ. 1983ರ ಏಪ್ರಿಲ್‌ನಿಂದ ಜೂನ್‌ವರೆಗೆ ಮಾರುತಿ ಬುಕಿಂಗ್ ತೆರೆದಾಗ, 10,000 ರೂಪಾಯಿ ಮುಂಗಡ ಕೇಳಿದರೂ ಸುಮಾರು 1.35 ಲಕ್ಷ ಜನ ಕಟ್ಟಿದರು. ಯಾರಿಗೆ ಮೊದಲು ಅನ್ನೋದನ್ನ ಲಾಟರಿ ಎತ್ತಿ ತೀರ್ಮಾನಿಸಿದರು. ಮೊದಲ ಕಾರಿನ ಕೀಯನ್ನ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಕೊಟ್ಟರು.

1985ರಲ್ಲಿ ಲೈಸೆನ್ಸು ಸ್ವಲ್ಪ ಸಡಿಲ ಆಯ್ತು, 1991ರ ನಂತರ ಬಹುಪಾಲು ಹೋಯ್ತು, ಕಾರಿಗೆ 1993ರಲ್ಲಿ. ಟ್ರಕ್ಕಿನ ಕಡೆ 1986ರಲ್ಲಿ ಟಾಟಾ 407 ಬಂತು, 2005ರಲ್ಲಿ ಏಸ್ ಬಂತು. ಖೇರ್‌ವಾಡಿ ಗಲ್ಲಿಯಲ್ಲಿ ಅದಕ್ಕೆ ಈಗಲೂ ಛೋಟಾ ಹಾಥಿ ಅಂತಲೇ ಹೆಸರು. ಕ್ಯೂ ಮಾಯ ಆಯ್ತು ಅಂತ ನಾವೆಲ್ಲ ಅಂದುಕೊಂಡೆವು.

ಹಾಗಿದ್ದರೆ 2021ರಲ್ಲಿ ಅಣ್ಣ ಯಾಕೆ ಕಾದ? ಮೊದಲ ಕಾರಣ ನಿಮಗೆ ಗೊತ್ತಿರೋದೇ, ಚಿಪ್ಪು. 2020ರ ಲಾಕ್‌ಡೌನಿನಲ್ಲಿ ವಾಹನ ಕಂಪನಿಗಳು ಹೆದರಿ ಚಿಪ್ ಆರ್ಡರು ರದ್ದು ಮಾಡಿದವು. ಚಿಪ್ ಮಾಡೋರು ಆ ಜಾಗವನ್ನ ಲ್ಯಾಪ್‌ಟಾಪು, ಫೋನಿಗೆ ಕೊಟ್ಟರು. ಗಾಡಿ ಕಂಪನಿಗಳು ವಾಪಸ್ ಬಂದಾಗ ಕ್ಯೂನ ಬಾಲದಲ್ಲಿ ನಿಲ್ಲಬೇಕಾಯ್ತು. 2021ರ ಮಾರ್ಚಿನಲ್ಲಿ ಜಪಾನಿನ ನಾಕಾ ಊರಿನಲ್ಲಿದ್ದ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೇರೆ ಬೆಂಕಿ ಬಿತ್ತು. ಅಣ್ಣ ಬುಕ್ ಮಾಡಿದ ಅದೇ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ, ನಮ್ಮ ತಯಾರಿಕೆ ಮಾಮೂಲಿನ 40 ಶೇಕಡಾ ಮಾತ್ರ ಆಗಬಹುದು ಅಂತ ಮೊದಲೇ ತಿಳಿಸಿತ್ತು.

ಆದರೆ ಚಿಪ್ಪಿನಿಂದ ಕ್ಯೂ ಅರ್ಥ ಆಗುತ್ತೆ, ಯಾರ್ಡಿನ ಗಾಡಿ ಅರ್ಥ ಆಗಲ್ಲ. ಅದಕ್ಕೆ ಎರಡನೇ ಕಾರಣ ಬೇಕು. ಎರಡು ಇಂಧನ, ಮೂರು ಡೆಕ್, ಎರಡು ಸ್ಟೀರಿಂಗ್, ನಾಲ್ಕು ಬಣ್ಣ ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಒಂದೇ ಗಾಡಿ 48 ಗಾಡಿಗಳಾಗುತ್ತೆ. ಕಾರ್ಖಾನೆ ಇದರಲ್ಲಿ ಯಾವುದು ಎಷ್ಟು ಅಂತ ತಿಂಗಳುಗಟ್ಟಲೆ ಮುಂಚೆ ಊಹೆ ಮಾಡಿ ಭಾಗ ತರಿಸುತ್ತೆ. ಊಹೆ ತಪ್ಪಿದರೆ ಒಂದೇ ಮಾಡೆಲ್ಲಿನಲ್ಲಿ ಒಂದು ಕಡೆ ಬರ, ಇನ್ನೊಂದು ಕಡೆ ನೆರೆ. ಮುಂಬೈಯಲ್ಲಿ ಸಣ್ಣ ಟ್ರಕ್ಕಿನವರು ಸಿಎನ್‌ಜಿ ಕೇಳ್ತಾರೆ, ಲೈನಿನಿಂದ ಡೀಸೆಲ್ ಇಳಿದು ಬರುತ್ತೆ.

ಮೂರನೆಯದು ನನಗೆ ಇವೆಲ್ಲದರಲ್ಲಿ ಹೆಚ್ಚು ಕುತೂಹಲದ ಸಂಗತಿ. ನಮ್ಮ ದೇಶದಲ್ಲಿ ಕಂಪನಿಗಳು ತಿಂಗಳ ಮೊದಲ ದಿನ ಹೇಳೋ "ಮಾರಾಟ" ಅಂದ್ರೆ ಹೆಚ್ಚಾಗಿ ಡೀಲರಿಗೆ ಕಳಿಸಿದ ಲೆಕ್ಕ. ಗಿರಾಕಿ ಕೈಗೆ ಹೋದದ್ದಲ್ಲ. ಗಾಡಿ ಕಾರ್ಖಾನೆ ಗೇಟು ದಾಟಿದರೆ ಕಂಪನಿ ಪುಸ್ತಕದಲ್ಲಿ ಅದು ಮಾರಿಯಾಯ್ತು, ಅಲ್ಲಿಂದ ಮುಂದಿನ ಬಡ್ಡಿ ಡೀಲರಿನದು. ಗಿರಾಕಿ ಕೈ ಸೇರಿದ ಲೆಕ್ಕ ಬೇಕಾದರೆ ಆರ್‌ಟಿಒ ನೋಂದಣಿಯ 'ವಾಹನ್' ಅಂಕಿ ನೋಡಬೇಕು. ಡೀಲರುಗಳ ಒಕ್ಕೂಟ ಫಾಡಾ ಅದನ್ನೇ ಪ್ರಕಟಿಸುತ್ತೆ. 2022ರ ಜುಲೈ 30ರಂದು ಮಹೀಂದ್ರ ಸ್ಕಾರ್ಪಿಯೊ ಎನ್‌ಗೆ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗ್ ಬಂತು. ಎರಡು ವರ್ಷ ಕಳೆದು, 2024ರ ಸೆಪ್ಟೆಂಬರಿನ ವರದಿಯಲ್ಲಿ ಫಾಡಾ ಹೇಳಿದ್ದು: ಡೀಲರುಗಳ ಹತ್ತಿರ 7.9 ಲಕ್ಷ ಕಾರು ನಿಂತಿವೆ, ಬೆಲೆ 79,000 ಕೋಟಿ ರೂಪಾಯಿ, 80ರಿಂದ 85 ದಿನದ ದಾಸ್ತಾನು. ಅವರು ಸಾಕು ಅನ್ನೋದು 21 ದಿನದ್ದು. ನಿಂತಿರೋ ಗಾಡಿಗೆ ದಿನಾ ಬಡ್ಡಿ ಓಡ್ತಿರುತ್ತೆ. ಅದಕ್ಕೇ ಸೇಲ್ಸ್ ಹುಡುಗ ಅಣ್ಣನಿಗೆ ಪ್ರತೀ ಸಲ "ಸೇಠ್, ಡೀಸೆಲ್ ತಗೊಳ್ಳಿ, ನಾಳೆನೇ ಡೆಲಿವರಿ" ಅಂತಿದ್ದದ್ದು. ನಾನು ಮೊದಲು ಅವನು ಮೋಸಗಾರ ಅಂದುಕೊಂಡಿದ್ದೆ. ಪಾಪ, ಫೋರ್ಡ್ ಕಾಲದ ಡೀಲರಿನ ಸ್ಥಿತಿಯಲ್ಲೇ ಅವನ ಮಾಲೀಕನೂ ಇದ್ದ.

ಗಾಡಿ ಕೊರತೆಯಿದ್ದಾಗ ಮಾತ್ರ ಪಾತ್ರ ಅದಲುಬದಲಾಗುತ್ತೆ. ಅಮೆರಿಕದಲ್ಲಿ 2021-22ರಲ್ಲಿ ಕೆಲವು ಡೀಲರುಗಳು ಕಂಪನಿ ಬೆಲೆಯ ಮೇಲೆ ಸಾವಿರಾರು ಡಾಲರ್ ಕೂಡಿಸಿ ಪಿಕಪ್ ಟ್ರಕ್ ಮಾರಿದರು. ಬುಕ್ ಮಾಡಿದವರು ಕಾಯ್ತಿದ್ದರೂ, ಹೆಚ್ಚು ಕೊಟ್ಟವರಿಗೆ ಸ್ಟಾಕಿನಿಂದ ಸಿಗ್ತಿತ್ತು. 2022ರ ಆರಂಭದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ತಮ್ಮ ಡೀಲರುಗಳಿಗೆ ಎಚ್ಚರಿಕೆ ಪತ್ರ ಬರೆಯಬೇಕಾಯ್ತು. ಅಪ್ಪಯ್ಯನಿಗೆ ಇದನ್ನ ಹೇಳಿದೆ. "ಅಲ್ಲೂ ಆನ್ ಉಂಟಾ?" ಅಂದರು.

ಈಗ ಅಣ್ಣನ ಕತೆ ಮುಗಿಸ್ತೇನೆ. 2022ರಲ್ಲಿ ಮುಂಬೈಯಲ್ಲಿ ಸಿಎನ್‌ಜಿ ದರ ಮೇಲಿಂದ ಮೇಲೆ ಏರಿತು. ಅವನು ಮೊದಲು ಹಾಕಿದ್ದ ಲೆಕ್ಕದ ಅರ್ಧ ಅಲ್ಲೇ ಹೋಯ್ತು. ಜುಲೈನಲ್ಲಿ, ಅಂದ್ರೆ ಹತ್ತು ತಿಂಗಳಿಗೆ, ಬುಕಿಂಗ್ ರದ್ದು ಮಾಡಿದ. ಅಷ್ಟರಲ್ಲಿ ಕಾದ ದಂಡವೇ 1,42,000 ರೂಪಾಯಿ. ಪರಿಚಯದ ಹೋಟೆಲಿನವರೊಬ್ಬರ ಹಳೇ ಗಾಡಿ ತಗೊಂಡ. ಮುಂಗಡ ವಾಪಸ್ ಬರೋಕೆ ಆರು ವಾರ. ಆ ಆರು ವಾರದ ಮಧ್ಯೆ ಒಂದು ದಿನ ಶೋರೂಮಿನಿಂದ ಫೋನ್: "ಅಭಿನಂದನೆ ಸರ್, ನಿಮ್ಮ ಗಾಡಿ ಅಲಾಟ್ ಆಗಿದೆ." ರದ್ದಾದ ಸುದ್ದಿ ಅವರ ಒಂದು ಸಿಸ್ಟಮಿನಿಂದ ಇನ್ನೊಂದಕ್ಕೆ ಹೋಗಿರಲಿಲ್ಲ. ಇಂಥ ಸಿಸ್ಟಮ್ ಬರೆದು ಸಂಬಳ ತಗೊಳ್ಳೋನು ನಾನೂ, ಹಾಗಾಗಿ ಜಾಸ್ತಿ ಮಾತಾಡಲ್ಲ.

ಮುಂಗಡದ ಚೆಕ್ ತರೋಕೆ ಹೋದಾಗ ಅಣ್ಣ ಯಾರ್ಡಿನಿಂದ ಒಂದು ಫೋಟೊ ಕಳಿಸಿದ. ಡೀಸೆಲ್ ಗಾಡಿಗಳ ಸಾಲಿನ ಕೊನೆಯಲ್ಲಿ ಹೊಸದೊಂದು ನಿಂತಿದೆ. ಬಿಳಿ ಬಣ್ಣ, ಉದ್ದದ ಡೆಕ್, ಸಿಎನ್‌ಜಿ. ಗಾಜಿಗೆ ಹಳದಿ ಚೀಟಿ ಅಂಟಿಸಿದ್ದಾರೆ: 'ರೆಡಿ ಸ್ಟಾಕ್, ತಕ್ಷಣ ಡೆಲಿವರಿ'.