ಹಿರೇಗುಡ್ಡದ ದನಿಗಲ್ಲುಗಳು

ಬಳ್ಳಾರಿಯ ಬೇಸಿಗೆಯನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಮಟಮಟ ಮಧ್ಯಾಹ್ನ ಸಿರುಗುಪ್ಪದ ರಸ್ತೆ ಹಿಡಿದರೆ ಮುಂದೆಲ್ಲೋ ನೀರು ಹರಿದಂತೆ ಕಾಣುತ್ತದೆ. ಹತ್ತಿರ ಹೋದಂತೆ ಅದು ಇನ್ನಷ್ಟು ದೂರ ಸರಿಯುತ್ತದೆ. ನಮ್ಮ ಹಿರಿಯರು ಇದನ್ನು ಬಿಸಿಲ್ಗುದುರೆ ಎಂದರು. ಅದೇ ದಿನ ರಾತ್ರಿ ಪಾರ್ವತಿನಗರದ ಯಾವುದಾದರೂ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದರೆ, ಹಗಲಲ್ಲಿ ಕಿವಿಗೇ ಬೀಳದ ರೈಲಿನ ಕೂಗು ಪಕ್ಕದ ಓಣಿಯಲ್ಲೇ ಎದ್ದಂತೆ ಕೇಳಿಸುತ್ತದೆ. ಊರಿನ ಗದ್ದಲ ತಗ್ಗಿರುತ್ತದೆ ಎಂಬುದು ನಿಜ, ಆದರೆ ಅದಷ್ಟೇ ಕಾರಣವಲ್ಲ.

ಬೆಳಕೂ ಶಬ್ದವೂ ಅಲೆಗಳು. ಅಲೆಯ ಒಂದು ತುದಿ ಬೇಗ, ಇನ್ನೊಂದು ತುದಿ ನಿಧಾನ ಚಲಿಸಿದರೆ ಅದು ನಿಧಾನವಾದ ಕಡೆಗೆ ಬಾಗುತ್ತದೆ. ಹಗಲಲ್ಲಿ ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ತೆಳುವಾಗಿರುತ್ತದೆ. ಅಲ್ಲಿ ಬೆಳಕಿನ ವೇಗ ಒಂದಿಷ್ಟು ಹೆಚ್ಚು. ಆದ್ದರಿಂದ ಆಕಾಶದಿಂದ ನೆಲದತ್ತ ಬಂದ ಬೆಳಕು ಮೇಲಕ್ಕೆ ಬಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ನಾವು ನೀರೆಂದು ಭ್ರಮಿಸುವುದು ಆಕಾಶದ ತುಣುಕನ್ನು. ಶಬ್ದವೂ ಬಿಸಿ ಗಾಳಿಯಲ್ಲಿ ಚುರುಕು. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವ ಅದರ ವೇಗ 40 ಡಿಗ್ರಿಯಲ್ಲಿ ಸುಮಾರು 355ಕ್ಕೆ ಏರುತ್ತದೆ. ಹೀಗಾಗಿ ಹಗಲಲ್ಲಿ ಶಬ್ದ ನೆಲ ಬಿಟ್ಟು ಮೇಲಕ್ಕೆ ಹೊರಟುಹೋಗುತ್ತದೆ. ರಾತ್ರಿ ನೆಲ ತಣಿದು, ಬಿಸಿ ಪದರ ಮೇಲೆ ಉಳಿದಾಗ ಅದೇ ಶಬ್ದ ಕೆಳಕ್ಕೆ ಬಾಗಿ ಮಾಳಿಗೆಗೆ ಇಳಿಯುತ್ತದೆ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. 10ನೆಯ ಶತಮಾನದ ಬಸ್ರಾದಲ್ಲಿ ಇಖ್ವಾನುಸ್ಸಫಾ ಎಂಬ ವಿದ್ವಾಂಸರ ಬಳಗವೊಂದಿತ್ತು. ಸಂಗೀತದ ಕುರಿತ ತಮ್ಮ ಪ್ರಬಂಧದಲ್ಲಿ ಅವರು, ಗಾಜಿನ ಕೆಲಸಗಾರ ಊದಿದಂತೆ ಗಾಜಿನ ಬುರುಡೆ ಹಿಗ್ಗುವ ಹಾಗೆ ಶಬ್ದವು ಗಾಳಿಯಲ್ಲಿ ಎಲ್ಲ ದಿಕ್ಕಿಗೂ ಗೋಳಾಕಾರವಾಗಿ ಹಬ್ಬುತ್ತದೆ ಎಂದು ಬರೆದರು. ಪುಸ್ತಕದ ವಿದ್ವಾಂಸರಿಗೆ ಕುಲುಮೆಯ ಕೆಲಸಗಾರ ಒದಗಿಸಿದ ಹೋಲಿಕೆ ಇದು. ಅದೇ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್, ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಆಧಾರದಿಂದ ವಾದಿಸಿದರು. ಇಂದಿನ ವಿಜ್ಞಾನವೆಲ್ಲ ಅವರಲ್ಲೇ ಇತ್ತೆಂದು ಬೀಗುವವರು ನಮ್ಮ ನಡುವೆ ಇದ್ದಾರೆ. ಅದು ಆ ಮಹನೀಯರಿಗೆ ಮಾಡುವ ಗೌರವವಲ್ಲ. ಬೆಳಕು ಅಲೆ ಎಂಬ ವಾದವನ್ನು 17ನೆಯ ಶತಮಾನದಲ್ಲಿ ಹಾಲೆಂಡಿನ ಹೈಗೆನ್ಸ್ ಮಂಡಿಸಿದರು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಅದಕ್ಕೆ ಪ್ರಯೋಗದ ಬಲ ಕೊಟ್ಟರು.

ಆದರೆ ಬಸ್ರಾಕ್ಕೂ ಮೊದಲು, ಬರವಣಿಗೆಯೇ ಇಲ್ಲದ ಕಾಲದಲ್ಲಿ, ನಮ್ಮ ಬಳ್ಳಾರಿಯಲ್ಲಿ ಅಲೆಗಳ ಮರ್ಮ ಬಲ್ಲ ಜನರಿದ್ದರು. ಅವರ ಸಾಕ್ಷಿ ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವಿನ ಬೆಟ್ಟಗಳಲ್ಲಿದೆ. ಕ್ರಿ.ಪೂ. ಸುಮಾರು 3000ದಿಂದ 1200ರವರೆಗೆ ಇಲ್ಲಿ ನವಶಿಲಾಯುಗದ ಜನ ದನ ಸಾಕಿಕೊಂಡು, ಬೇಸಾಯ ಮಾಡಿಕೊಂಡು ಬದುಕಿದರು. ಅವರು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬಗಳು ಈ ಸೀಮೆಯಲ್ಲಿ ಈಗಲೂ ಇವೆ. 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಕಲ್ಲುಗೊಡಲಿಗಳನ್ನು ಗುರುತಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ನಡೆಸಿದರು.

ಹಿರೇಗುಡ್ಡ ಗ್ರಾನೈಟಿನ ಬೆಟ್ಟ. ಅದರ ನಡುವೆ ಕಪ್ಪು ಪಟ್ಟಿಯಂತೆ ಡೋಲರೈಟ್ ಶಿಲೆ ಹಾದುಹೋಗಿದೆ. ಭೂಗರ್ಭದ ಕರಗಿದ ಶಿಲಾರಸ ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದದ್ದು ಅದು. ಆ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬವಿರುವ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ. ಈ ಚಿತ್ರಗಳ ವರದಿ 1892ರಲ್ಲೇ ಪ್ರಕಟವಾಗಿತ್ತು. 2004ರಲ್ಲಿ ಸಂಶೋಧಕಿ ನಿಕೋಲ್ ಬೋಯ್ವಿನ್ ಇನ್ನೊಂದು ಸಂಗತಿಯತ್ತ ಲೋಕದ ಗಮನ ಸೆಳೆದರು. ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಸವೆದ ಗುಳಿಗಳಿವೆ. ಅಲ್ಲಿಗೆ ಗ್ರಾನೈಟ್ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ದನಿ ಹೊರಡುತ್ತದೆ!

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಯಾರು ಕಂಡಿಲ್ಲ? ಸೀಳಿಲ್ಲದ ಮಡಕೆ ಠಣ್ ಎನ್ನುತ್ತದೆ, ಸೀಳಿದ್ದು ದಡ್ ಎನ್ನುತ್ತದೆ. ಬಂಡೆಯ ಲೆಕ್ಕವೂ ಇದೇ. ಏಟು ಬಿದ್ದೊಡನೆ ಕಲ್ಲಿನೊಳಗೆ ಅಲೆ ಹೊರಡುತ್ತದೆ. ಇಂಥ ಗಟ್ಟಿ ಶಿಲೆಯಲ್ಲಿ ಅದರ ವೇಗ ಸೆಕೆಂಡಿಗೆ ಐದು ಕಿಲೋಮೀಟರಿಗೂ ಮಿಕ್ಕಿ. ಆಚೆ ಅಂಚು ಮುಟ್ಟಿ ಮರಳುತ್ತದೆ, ಮತ್ತೆ ಹೋಗುತ್ತದೆ. ಒಂದು ಮೀಟರ್ ಅಗಲದ ಕಲ್ಲಿನಲ್ಲಿ ಸೆಕೆಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಇಂಥ ಓಡಾಟ ಸಾಧ್ಯ. ಬಿರುಕಿದ್ದರೆ ಅಲೆ ಅಲ್ಲೇ ಚೆದುರಿ ಸಾಯುತ್ತದೆ. ಬಂಡೆಯ ಮೈಯೆಲ್ಲ ನೆಲಕ್ಕೆ ಅಂಟಿಕೊಂಡಿದ್ದರೆ ಕಂಪನವನ್ನು ನೆಲವೇ ನುಂಗುತ್ತದೆ. ಎರಡು ಮೂರು ಕಡೆ ಮಾತ್ರ ಊರಿಕೊಂಡು ಉಳಿದ ಮೈ ಸಡಿಲವಾಗಿರುವ ಬಂಡೆಗಷ್ಟೇ ಹಾಡುವ ಭಾಗ್ಯ.

ಇದು ಪೂಜೆಯ ಭಾಗವಾಗಿದ್ದಿರಬೇಕು ಎಂದು ಸಂಶೋಧಕರು ಊಹಿಸುತ್ತಾರೆ. ಇರಬಹುದು. ತಿಳಿಯದ ಎಲ್ಲವನ್ನೂ ಪೂಜೆಯ ಖಾತೆಗೆ ಹಾಕುವುದು ಮಾತ್ರ ನಮಗೆ ಸರಿಯೆನಿಸದು. ಹಿರೇಗುಡ್ಡದಲ್ಲಿ ಇದೇ ಡೋಲರೈಟಿನಿಂದ ಕೊಡಲಿ ತಯಾರಿಸುವ ದೊಡ್ಡ ಕಮ್ಮಟವಿತ್ತು. ಒಳಬಿರುಕಿರುವ ಕಲ್ಲಿನಿಂದ ಒಳ್ಳೆಯ ಕೊಡಲಿ ಆಗದು. ದಿನವಿಡೀ ಕಲ್ಲು ಬಡಿಯುತ್ತಿದ್ದವರ ಕಿವಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಬಲ್ಲದಾಗಿತ್ತು, ದನಿಗಲ್ಲುಗಳು ಮೊದಲು ಸಿಕ್ಕಿದ್ದು ಆ ದುಡಿಯುವ ಕಿವಿಗಳಿಗೇ ಎಂಬುದು ನಮ್ಮ ಅಂದಾಜು.

ಅಲ್ಲಿಂದ ಸಾವಿರಾರು ವರ್ಷಗಳ ನಂತರ ಪಕ್ಕದ ಹಂಪಿಯ ವಿಠ್ಠಲ ದೇವಾಲಯದ ಶಿಲ್ಪಿಗಳು ಕಂಬಗಳಲ್ಲೇ ನಾದ ಹೊರಡಿಸಿದರು. ಆ ಕಂಬಗಳು ಟೊಳ್ಳು ಎಂಬ ಮಾತು ಬಹುಕಾಲ ಹಬ್ಬಿತ್ತು. ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಅವು ಗಟ್ಟಿ ಕಲ್ಲೇ, ಕಂಬ ಬಾಗಿ ಕಂಪಿಸುವುದರಿಂದ ದನಿ ಬರುತ್ತದೆ ಎಂದು 2008ರಲ್ಲಿ ತೋರಿಸಿದರು. ಪ್ರವಾಸಿಗರು ಬಡಿದು ಬಡಿದು ಸವೆಸಿದ್ದರಿಂದ ಈಗ ಅವನ್ನು ಮುಟ್ಟುವಂತಿಲ್ಲ. ಹಂಪಿಗೆ ಕಾವಲಿದೆ, ಹೆಸರಿದೆ.

ಕಪ್ಪಗಲ್ಲಿನ ಬೆಟ್ಟಕ್ಕೆ ಆ ಅದೃಷ್ಟ ಇರಲಿಲ್ಲ. ಕಲ್ಲುಗಣಿಗಾರಿಕೆ ಬೆಟ್ಟದ ಕೆಲ ಭಾಗಗಳನ್ನು ಆಗಲೇ ಕೆಡಿಸಿದೆ, ಇದಕ್ಕೂ ಹಳೆಯ ಚಿತ್ರಗಳಿದ್ದ ಹತ್ತಿರದ ಕಲ್ಲಾಸರೆಯೊಂದು ಒಂದಷ್ಟು ನಾಶವಾಗಿದೆ ಎಂದು 2004ರ ವರದಿಗಳು ಎಚ್ಚರಿಸಿದ್ದವು. ಕಲ್ಲುಗಣಿಯಲ್ಲಿ ಕೂಲಿ ಮಾಡಿ ಹೊಟ್ಟೆ ಹೊರೆಯುವವರನ್ನು ದೂರಿ ಫಲವಿಲ್ಲ. ಬೆಟ್ಟದ ಬೆಲೆಯನ್ನು ಲೋಡಿನ ಲೆಕ್ಕದಲ್ಲಿ ಕಟ್ಟಿದವರು ಅವರಲ್ಲ. ಎರಡು ಕಿಲೋಮೀಟರ್ ದೂರದಲ್ಲಿ ಮದ್ದು ಸಿಡಿದರೆ ಕಣ್ಣಿಗೆ ದೂಳು ತಕ್ಷಣ ಕಾಣುತ್ತದೆ, ಅರೆ ಸೆಕೆಂಡಿನಷ್ಟರಲ್ಲಿ ಪಾದಕ್ಕೆ ನೆಲದ ಅದುರು ತಾಗುತ್ತದೆ, ಸದ್ದು ಕಿವಿಗೆ ತಲುಪಲು ಸುಮಾರು ಆರು ಸೆಕೆಂಡು ಬೇಕು. ದನಿಗಲ್ಲನ್ನು ಹಾಡಿಸಿದ ಅಲೆಯೇ ಅದನ್ನು ಸೀಳಲೂ ಬಲ್ಲದು.

ಸಂಗನಕಲ್ಲಿನ ಕೊಡಲಿಗಳನ್ನೂ ಮಡಕೆ ಚೂರುಗಳನ್ನೂ ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಡಲಾಗಿದೆ. ದನಿಗಲ್ಲನ್ನು ಹಾಗೆ ಎತ್ತಿ ತಂದು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಲಾಗದು. ಅದು ಯಾವ ಕಲ್ಲಿಗೆ ಒರಗಿತ್ತು, ಎಲ್ಲಿ ಊರಿತ್ತು, ಎಷ್ಟು ಸಡಿಲವಿತ್ತು ಎಂಬುದರಲ್ಲೇ ಅದರ ದನಿಯಿದೆ. ಒಮ್ಮೆ ಕದಲಿಸಿದ ಮೇಲೆ ಉಳಿಯುವುದು ಬರಿಯ ಕಪ್ಪು ಬಂಡೆ.