ಸಂಚಿನ ಕಥೆ ಏಕೆ ಉಳಿಯುತ್ತದೆ?

ದೇವನಹಳ್ಳಿಯ ಕೋಟೆಯ ಹೊರಗೆ, ಟಿಪ್ಪು ಸುಲ್ತಾನನು ಹುಟ್ಟಿದ ಸ್ಥಳವೆಂದು ಗುರುತಿಸಿರುವ ಚಿಕ್ಕದೊಂದು ಕಲ್ಲಿನ ಮಂಟಪವಿದೆ. ಅದನ್ನು ನೋಡಲು ಬಂದವರ ಮಾತು ಬಹುಬೇಗ ಶ್ರೀರಂಗಪಟ್ಟಣಕ್ಕೆ ಹೊರಳುತ್ತದೆ. ಅಲ್ಲಿಂದ ಮೀರ್ ಸಾದಿಕನಿಗೆ.

1799ರ ಮೇ 4ರ ಮಧ್ಯಾಹ್ನ, ಸಂಬಳ ಹಂಚುವ ನೆಪದಿಂದ ಅವನು ಕಾವಲಿನವರನ್ನು ಹಿಂದಕ್ಕೆ ಕರೆದನಂತೆ; ಒಡೆದ ಗೋಡೆಯಿಂದ ಶತ್ರು ಒಳನುಗ್ಗಿದನಂತೆ. ಆಪಾದನೆ ಹೊಸದಲ್ಲ. ಕೋಟೆ ಬಿದ್ದ ದಿನವೇ ಸುಲ್ತಾನನ ಸಿಪಾಯಿಗಳು ಸಾದಿಕನನ್ನು ಕೊಂದರು. ವಿಚಾರಣೆಗೆ ಅವಕಾಶವೇ ಉಳಿಯಲಿಲ್ಲ.

ಸಂಚೆಂಬುದೆಲ್ಲ ಬರಿಯ ಕಲ್ಪನೆಯೆಂದು ಹೇಳುವಂತಿಲ್ಲ. 1749ರಲ್ಲಿ ಇದೇ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಗಳಿಸಿದ ಹೈದರನ ಮೇಲೆ, 1760ರಲ್ಲಿ ಅವನ ನಂಬಿಕೆಯ ಖಂಡೇರಾಯನೇ ತಿರುಗಿಬಿದ್ದನು. ಮರಾಠರನ್ನು ಕರೆಸಿದನು, ಕೋಟೆಯ ಫಿರಂಗಿಗಳನ್ನು ಹೈದರನ ಬೀಡಿನ ಕಡೆಗೆ ತಿರುಗಿಸಿದನು. ಹೈದರನು ಮನೆಮಂದಿಯನ್ನು ಬಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಓಡಬೇಕಾಯಿತು. ಇಲ್ಲಿ ಸಂಚು ಊಹೆಯಲ್ಲ; ಮಾಡಿದವನಾರು, ಮಾಡಿದ್ದೇನು ಎಂಬುದು ಕಣ್ಣಿಗೆ ಕಾಣುತ್ತದೆ. ಒಮ್ಮೆ ನಿಜವಾಗಿ ಮೋಸಹೋದ ನಾಡು ಮತ್ತೊಂದು ಮೋಸವನ್ನು ಸುಲಭವಾಗಿ ನಂಬುವುದು ಸಹಜವೇ.

ಆದರೆ 1799ರ ಸೋಲಿನ ಲೆಕ್ಕ ಅಷ್ಟು ಚಿಕ್ಕದಲ್ಲ. 1791ರಲ್ಲಿಯೇ ಬೆಂಗಳೂರು, ದೇವನಹಳ್ಳಿಗಳು ಕಾರ್ನ್‌ವಾಲಿಸನ ವಶವಾಗಿದ್ದವು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೂ 3 ಕೋಟಿ 30 ಲಕ್ಷ ರೂಪಾಯಿಯೂ ಹೋದವು. ಕೊನೆಯ ಯುದ್ಧದಲ್ಲಿ ಮದರಾಸಿನ ಸೈನ್ಯ, ಮುಂಬಯಿಯ ಸೈನ್ಯ, ನಿಜಾಮನ ದಂಡು ಒಟ್ಟುಗೂಡಿದವು. ಸಾದಿಕನು ದ್ರೋಹ ಮಾಡಿದ್ದರೂ ಗೋಡೆಯನ್ನು ಒಡೆದದ್ದು ಫಿರಂಗಿ.

ಈ ಲೆಕ್ಕವನ್ನು ಜನ ಏಕೆ ನೆನಪಿಡುವುದಿಲ್ಲ? ಹಣ, ಮದ್ದುಗುಂಡು, ಒಪ್ಪಂದಗಳ ಮೇಲೆ ಸಿಟ್ಟುಮಾಡಲಾಗುವುದಿಲ್ಲ. ಒಬ್ಬ ಮನುಷ್ಯನ ಮೇಲೆ ಮಾಡಬಹುದು. ವೀರನೊಬ್ಬನು ಬಲಹೀನನಾಗಿ ಸೋತನೆಂಬುದಕ್ಕಿಂತ ಮೋಸದಿಂದ ಸೋತನೆಂಬುದು ಮನಸ್ಸಿಗೆ ಹಗುರ. ದೊಡ್ಡ ದುಃಖಕ್ಕೆ ದೊಡ್ಡ ಪಾಪಿಯೊಬ್ಬನು ಬೇಕೆನಿಸುತ್ತದೆ.

ಈ ಸಮಾಧಾನಕ್ಕೆ ಬೆಲೆಯೂ ಉಂಟು. ದ್ರೋಹಿ ಸಿಕ್ಕಿದೊಡನೆ ಉಳಿದ ಕಾರಣಗಳನ್ನು ಹುಡುಕುವ ಕೆಲಸ ನಿಲ್ಲುತ್ತದೆ. ಮುಂದಿನ ಕೇಡಿಗೂ ಪಕ್ಕದ ಮನೆಯವನ ಮುಖ ನೋಡುವ ಅಭ್ಯಾಸ ಬೆಳೆಯುತ್ತದೆ. ಆದುದರಿಂದ ಸಂಚಿನ ಮಾತು ಕಿವಿಗೆ ಬಿದ್ದಾಗ ಖಂಡೇರಾಯನ ಅಳತೆಗೋಲನ್ನೇ ಹಿಡಿಯೋಣ: ಯಾರು, ಏನು ಮಾಡಿದರು, ಕಂಡವರಾರು? ಉತ್ತರ ಸಿಕ್ಕರೆ ನಂಬೋಣ. ಸಿಗದಿದ್ದರೆ, ಒಬ್ಬನ ಹೆಸರನ್ನು ಬೈಗುಳವಾಗಿಸುವ ಮೊದಲು ಸ್ವಲ್ಪ ತಾಳೋಣ.