ತವರು ದೂರವಾದಾಗ ಬಾಗಿಲಿಗೆ ಬಂದವರು

ಬಾಂದ್ರಾದ ಓಣಿಗಳಲ್ಲಿ ಓಡಾಡುವವರಿಗೆಲ್ಲ ಅಲ್ಲಲ್ಲಿ ನಿಂತಿರುವ ಹಳೆಯ ಶಿಲುಬೆಗಳು ಪರಿಚಿತವೇ. ಅವುಗಳಲ್ಲಿ ಹಲವು, 1896ರಲ್ಲಿ ಮುಂಬಯಿಗೆ ಬಂದೆರಗಿದ ಪ್ಲೇಗಿನ ಕಾಲದಲ್ಲಿ ಮಾರಿ ತೊಲಗಲೆಂದು ಜನರು ನಿಲ್ಲಿಸಿದವು. ಆಗ ಬಾಂದ್ರಾ ನಗರದ ಎಲ್ಲೆಯ ಹೊರಗಿತ್ತು. ನಗರದೊಳಗೆ ಮನೆಯ ಬಾಗಿಲು ತಟ್ಟುತ್ತಿದ್ದವರು ಸರಕಾರದ ತಪಾಸಣೆಯ ತಂಡದವರು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು, ಮನೆಮಂದಿಯನ್ನು ಶಿಬಿರಕ್ಕೆ ಸಾಗಿಸುವುದು ಅವರ ಕೆಲಸ. 1898ರ ಮಾರ್ಚಿಯಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದಾಗ ದೊಡ್ಡ ಗಲಭೆಯೇ ಎದ್ದಿತು. ಬಾಗಿಲ ಸದ್ದಿಗೆ ಬಡವರು ಬೆಚ್ಚಿಬೀಳುತ್ತಿದ್ದ ಕಾಲ ಅದು. ಅದೇ ಮುಂಬಯಿಯಲ್ಲಿ, ಎಳೆಗೂಸಿನ ತಾಯಿಯು ದಾರಿ ಕಾಯುವಂಥ ಭೇಟಿಯೂ ಕ್ರಮೇಣ ಬೆಳೆದುಬಂದಿತು. ಊರು ಬಿಟ್ಟು ಬಂದ ನಾವು ಆ ಇತಿಹಾಸವನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ನಾಡಿನಲ್ಲಿ ಚೊಚ್ಚಲ ಹೆರಿಗೆಯೆಂದರೆ ತವರು. ಎಣ್ಣೆ-ನೀರು, ಬಾಣಂತಿಯ ಪಥ್ಯ, ಕೂಸಿನ ಆರೈಕೆ ಇವೆಲ್ಲವನ್ನೂ ಅಲ್ಲಿ ಅಜ್ಜಿ, ಅವ್ವ, ಅತ್ತಿಗೆಯರು ಹಂಚಿಕೊಂಡು ಮಾಡುತ್ತಿದ್ದರು. ಆದರೆ ಬಾಣಂತನ ಮುಗಿಸಿ ಮುಂಬಯಿಯ ಖೋಲಿಗೆ ಮರಳಿದ ತಾಯಿಗೆ ಅವರಾರೂ ಇರಲಿಲ್ಲ. 1921ರಲ್ಲಿ ಈ ನಗರದಲ್ಲಿ ಸಾವಿರ ಜನನಗಳಿಗೆ 600ಕ್ಕೂ ಹೆಚ್ಚು ಶಿಶುಮರಣಗಳಾದವೆಂದು ದಾಖಲೆ ಹೇಳುತ್ತದೆ. ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಅನೇಕ ತಾಯಂದಿರು ಊರಿನಲ್ಲಿ ಹೆತ್ತು ಕೂಸನ್ನೆತ್ತಿಕೊಂಡು ಬರುತ್ತಿದ್ದರು. ಜನನ ಊರಿನ ಲೆಕ್ಕಕ್ಕೆ, ಮರಣ ಮುಂಬಯಿಯ ಲೆಕ್ಕಕ್ಕೆ ಸೇರುತ್ತಿತ್ತು. ಹಾಗಿದ್ದರೂ ಒಂದೇ ಕೋಣೆಯ ಚಾಳುಗಳಲ್ಲಿ ಹಸುಗೂಸುಗಳು ಬಾಳುವುದು ಎಷ್ಟು ದುಸ್ತರವಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಇದನ್ನು ಕಂಡವರು ಕೈಕಟ್ಟಿ ಕೂಡಲಿಲ್ಲ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಬಾಂಬೆ ಸ್ಯಾನಿಟರಿ ಅಸೋಸಿಯೇಶನ್ನಿನ ಮತ್ತು ಮುನಿಸಿಪಾಲಿಟಿಯ ಮಹಿಳಾ ಕಾರ್ಯಕರ್ತರು ಚಾಳುಗಳ ಮೆಟ್ಟಿಲು ಹತ್ತತೊಡಗಿದರು. ತಾಯಿಯ ಪಕ್ಕದಲ್ಲಿ ಕುಳಿತು ಶುಚಿತ್ವ, ಹಾಲು, ಆರೈಕೆಗಳ ವಿಷಯ ಮಾತನಾಡುವ ಹೆಂಗಸು ಬಾಗಿಲಿಗೆ ಬಂದದ್ದು ಸಣ್ಣ ಬದಲಾವಣೆಯಲ್ಲ.

ಇದೇ ಕಾಲಕ್ಕೆ ನಮ್ಮ ಹಿರಿಯರೂ ಸೇವೆಗೆ ಇಳಿದಿದ್ದರು. ಹಗಲು ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ಅವರು ರಾತ್ರಿಶಾಲೆಗಳನ್ನು ಕಟ್ಟಿದರು. ಆ ಶಾಲೆಗಳಲ್ಲಿ ಅಕ್ಷರ ಕಲಿತವರು ಮುಂದೆ ತಾವೇ ಹೋಟೆಲುಗಳ ಒಡೆಯರಾದದ್ದೂ ಉಂಟು. ಹುಡುಗನು ಶಾಲೆಗೆ ನಡೆದು ಬರಬಲ್ಲ. ಆದರೆ ಮಡಿಲಲ್ಲಿ ಕೂಸು, ಒಲೆಯ ಮೇಲೆ ಅನ್ನ ಇಟ್ಟುಕೊಂಡ ತಾಯಿ ಎಲ್ಲಿಗೂ ಬರಲಾರಳು. ಆಕೆಯ ಬಳಿಗೆ ನಾವೇ ಹೋಗಬೇಕು.

1975ರ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿತು. ಅವುಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು, ಬಾಂದ್ರಾದ ಮಗ್ಗುಲಲ್ಲೇ ಇರುವ ಧಾರಾವಿಯೂ ಒಂದು. ಅಂಗನವಾಡಿ ಕಾರ್ಯಕರ್ತೆಯ ಕರ್ತವ್ಯಗಳಲ್ಲಿ ಮನೆಭೇಟಿಯೂ ಸೇರಿತು. ಶೀವ್ ಆಸ್ಪತ್ರೆಯಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದ ಡಾ. ಅರ್ಮಿಡಾ ಫರ್ನಾಂಡಿಸ್, ಆಸ್ಪತ್ರೆಗೆ ಬರುವ ಮೊದಲೇ ಕೂಸುಗಳನ್ನು ಕಾಪಾಡಬೇಕೆಂದು 1999ರಲ್ಲಿ 'ಸ್ನೇಹಾ' ಸಂಸ್ಥೆಯನ್ನು ಆರಂಭಿಸಿದರು. 2006ರಿಂದ 2009ರವರೆಗೆ ಈ ಸಂಸ್ಥೆಯವರು ನಗರದ 48 ಕೊಳೆಗೇರಿಗಳನ್ನು ಆರಿಸಿಕೊಂಡು, ಅವುಗಳ ಅರ್ಧದಷ್ಟರಲ್ಲಿ ಮಹಿಳೆಯರ ಗುಂಪುಸಭೆಗಳನ್ನು ನಡೆಸಿದರು. ಬಾಂದ್ರಾ ಪೂರ್ವವನ್ನೊಳಗೊಂಡ ಎಚ್ ಪೂರ್ವ ವಾರ್ಡೂ ಈ ಪ್ರಯೋಗದಲ್ಲಿತ್ತು. ಶಿಶುಮರಣ ತಗ್ಗಲಿಲ್ಲವೆಂಬ ಫಲಿತಾಂಶವನ್ನು ಅವರು ಮುಚ್ಚಿಡದೆ 2012ರಲ್ಲಿ ಪ್ರಕಟಿಸಿದರು. ಸಭೆ ಕರೆದರೆ ಸಾಲದು ಎಂಬ ಪಾಠ ಇದರಲ್ಲಿದೆಯೆಂದು ನಮಗನಿಸುತ್ತದೆ.

ಬಾಗಿಲಿಗೇ ಹೋದರೆ ಏನಾಗಬಹುದೆಂಬುದನ್ನು ಇದೇ ಮಹಾರಾಷ್ಟ್ರದ ಗಡಚಿರೋಲಿ ತೋರಿಸಿದೆ. ಅಲ್ಲಿ ಡಾ. ಅಭಯ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತು ಕೊಟ್ಟು, 1995ರಿಂದ ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ನಡೆಸಿದರು. ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಮರಣ ಅರ್ಧಕ್ಕಿಂತಲೂ ಕೆಳಗಿಳಿಯಿತು. 2011ರಿಂದ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಬಂದು ನೋಡುವ ಪದ್ಧತಿ ಜಾರಿಗೆ ಬಂದದ್ದು ಈ ಅನುಭವದ ಬಲದಿಂದಲೇ. ಇಷ್ಟು ಹೊಣೆ ಹೊತ್ತವರನ್ನು ಸ್ವಯಂಸೇವಕಿಯರೆಂದು ಕರೆದು ಗೌರವಧನದಲ್ಲೇ ತೃಪ್ತಿಪಡಿಸುವುದು ನ್ಯಾಯವಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

ನಿಜವಾದ ಸ್ವಯಂಸೇವೆಯ ಕ್ಷೇತ್ರ ಬೇರೆಯೇ ಇದೆ. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ 1973ರಲ್ಲಿ ಮಾರ್ಗರೆಟ್ ಹ್ಯಾರಿಸನ್ ಎಂಬಾಕೆ 'ಹೋಮ್-ಸ್ಟಾರ್ಟ್' ಎಂಬ ಕಾರ್ಯವನ್ನು ಆರಂಭಿಸಿದರು. ಮಕ್ಕಳನ್ನು ಬೆಳೆಸಿ ಅನುಭವವಿದ್ದವರು ವಾರಕ್ಕೊಮ್ಮೆ ಎಳೆಯ ಮಕ್ಕಳಿರುವ ಮನೆಗೆ ಹೋಗಿ ಒಂದೆರಡು ಗಂಟೆ ಜೊತೆಗಿರುವುದು, ಅಷ್ಟೆ. ಇದಕ್ಕೆ ಔಷಧದ ಜ್ಞಾನ ಬೇಡ. ತಾಯಿ ಹೇಳಿದ್ದನ್ನು ಕೇಳಿಸಿಕೊಳ್ಳುವ ತಾಳ್ಮೆ ಬೇಕು, ಜ್ವರ ಬಂದ ಕೂಸನ್ನು ತಡಮಾಡದೆ ವೈದ್ಯರ ಬಳಿಗೆ ಕಳಿಸುವ ವಿವೇಕ ಬೇಕು.

ಈ ಎರಡೂ ನಮ್ಮಲ್ಲಿ ಇಲ್ಲವೆ? ವಿಜಾಪುರ, ಕಲಬುರ್ಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳಲ್ಲಿ ಮರಾಠಿ-ಹಿಂದಿ ಬಾರದ ತಾಯಂದಿರಿದ್ದಾರೆ. ಎತ್ತರದ ಕಟ್ಟಡದ ಮುಚ್ಚಿದ ಬಾಗಿಲ ಹಿಂದೆ, ಗಂಡ ಕಚೇರಿಗೆ ಹೋದ ಮೇಲೆ ಅಳುವ ಕೂಸಿನೊಡನೆ ಒಂಟಿಯಾಗಿ ಉಳಿಯುವ ವಿದ್ಯಾವಂತ ಸೊಸೆಯಂದಿರೂ ಇದ್ದಾರೆ. ಮೊಮ್ಮಕ್ಕಳು ದೊಡ್ಡವರಾಗಿ ಕೈ ಬಿಡುವಾದ ನಮ್ಮ ಅಜ್ಜಿಯಂದಿರು ವಾರಕ್ಕೊಂದು ಮಧ್ಯಾಹ್ನ ಇಂಥವರಿಗಾಗಿ ಮೀಸಲಿಟ್ಟರೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಾಯಿಗೆ ಅರ್ಧ ಗಂಟೆ ನಿದ್ದೆ ಮಾಡಲು ಬಿಟ್ಟರೆ, ಅದೂ ಕನ್ನಡದ ಸೇವೆಯೇ. ರಾತ್ರಿಶಾಲೆ ಕಟ್ಟಿದ ಸಮಾಜಕ್ಕೆ ಇದು ಅಸಾಧ್ಯವೇನಲ್ಲ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಲಿ ಎಂದು ಹಾರೈಸುತ್ತೇವೆ.